ಪೌರನೀತಿಯ ಪಾಠ ಮತ್ತು ಕಾಗೋಡಿನ ಕೊಳಗ

ಲೋಕಸಭೆಯ ರಚನೆ, ರಾಷ್ಟ್ರಪತಿಗಳ ಅಧಿಕಾರ, ಮೂಲಭೂತ ಹಕ್ಕುಗಳು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಕಂಠಪಾಠವಾಗಿವೆ. ಆದರೆ ಕಟ್ಟಿಕೊಂಡ ಚರಂಡಿಯ ದೂರು ಶಿವಮೊಗ್ಗದಲ್ಲಿ ಮಹಾನಗರಪಾಲಿಕೆಗೆ, ಭದ್ರಾವತಿಯಲ್ಲಿ ನಗರಸಭೆಗೆ ಸಲ್ಲಬೇಕೆಂಬುದನ್ನಾಗಲಿ, ಆ ಅರ್ಜಿಯನ್ನು ಬರೆಯುವ ಬಗೆಯನ್ನಾಗಲಿ ಅವರು ಬಲ್ಲರೇ?

ಶಾಲಾ ಸಂಸತ್ತು ಶ್ಲಾಘ್ಯವಾದ ಪ್ರಯೋಗ. ಮಕ್ಕಳು ನಾಮಪತ್ರ ಸಲ್ಲಿಸುತ್ತಾರೆ, ಮತ ಹಾಕುತ್ತಾರೆ, ಪ್ರಮಾಣವಚನ ಸ್ವೀಕರಿಸುತ್ತಾರೆ. ಆದರೆ ಎಷ್ಟೋ ಕಡೆ ಎಲ್ಲವೂ ಅಲ್ಲಿಗೇ ಮುಗಿದುಹೋಗುತ್ತದೆ. ಆರೋಗ್ಯಮಂತ್ರಿಯಾದ ಬಾಲಕಿಯು ಶೌಚಾಲಯಕ್ಕೆ ನೀರಿಲ್ಲವೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳುವಂತಿಲ್ಲ. ಆಕೆಗೆ ಮತವಿತ್ತವರು ಆಕೆಯನ್ನು ಕೇಳುವುದೂ ಇಲ್ಲ. ಅಧಿಕಾರವಿಲ್ಲದ ಮಂತ್ರಿ, ಪ್ರಶ್ನಿಸದ ಮತದಾರ ಇವೆರಡೂ ಸಹಜವೆಂಬ ಭಾವನೆ ಎಳವೆಯಲ್ಲಿಯೇ ಬೇರೂರಿದರೆ, ಹದಿನೆಂಟು ತುಂಬಿದ ಮೇಲೆ ಅದನ್ನು ಕೀಳುವುದು ಸುಲಭವಲ್ಲ.

ಉತ್ತಮ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಪ್ರಮಾಣವೂ ಆ ವಿವಾದದ ಮೂಲದಲ್ಲಿತ್ತು. ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯವ್ರತದ ಅತಿಚಾರವೆಂದು ಎಣಿಸುವ ನಮಗೆ ಆ ಪ್ರಶ್ನೆಯ ನೈತಿಕ ತೂಕವನ್ನು ವಿವರಿಸಬೇಕಾಗಿಲ್ಲ. ಹೋರಾಟವನ್ನು ಬೆಂಬಲಿಸಿ ಬಂದ ರಾಮಮನೋಹರ ಲೋಹಿಯಾ ಬಂಧಿತರಾದರು. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸನಸಭೆಗೆ ಆಯ್ಕೆಯಾದರು. ಗೇಣಿ ಪದ್ಧತಿಯನ್ನು ರದ್ದುಗೊಳಿಸಿದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತು. ಅಳತೆಯ ಒಂದು ಅನ್ಯಾಯವು ಸಂಘಟನೆ, ಸತ್ಯಾಗ್ರಹ, ಚುನಾವಣೆಗಳ ಹಾದಿ ಹಿಡಿದು ಶಾಸನವನ್ನು ಮುಟ್ಟಲು ಎರಡು ದಶಕಗಳಿಗೂ ಮಿಕ್ಕಿ ಬೇಕಾಯಿತು. ಪ್ರಜಾಸತ್ತೆ ಬೇಡುವ ಈ ತಾಳ್ಮೆಯನ್ನು ಕಲಿಸದ ಪೌರನೀತಿ ಅಪೂರ್ಣ.

ಭದ್ರಾವತಿಯ ಮಕ್ಕಳ ಎದುರಿಗಂತೂ ಪ್ರಶ್ನೆ ಜೀವಂತವಾಗಿಯೇ ಇದೆ. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಆ ತೀರ್ಮಾನ ಯಾರದು? ನಗರಸಭೆಯದೇ, ರಾಜ್ಯದ್ದೇ, ಕೇಂದ್ರದ್ದೇ? ಕಾರ್ಖಾನೆಯು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರಕ್ಕೆ ಸೇರಿದ್ದರಿಂದ ಆ ಪ್ರಶ್ನೆಯನ್ನು ಎತ್ತಬೇಕಾದವರು ಲೋಕಸಭಾ ಸದಸ್ಯರು. ತಂದೆಯ ಉದ್ಯೋಗದ ಆತಂಕವನ್ನು ಮನೆಯಲ್ಲಿ ಕಂಡ ಬಾಲಕನಿಗೆ ಒಕ್ಕೂಟ ವ್ಯವಸ್ಥೆಯ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸುವ ಉದಾಹರಣೆ ಇನ್ನಾವುದಿದೆ?

ದೋಷವನ್ನು ಶಾಲೆಯ ಮೇಲೊಂದೇ ಹೊರಿಸುವುದು ನ್ಯಾಯವಲ್ಲ. ನಮ್ಮ ಬಸದಿಗಳ, ಟ್ರಸ್ಟುಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರವನ್ನು ಓದುವಾಗ ತರುಣರು ಪ್ರಶ್ನಿಸಿದರೆ ಹಿರಿಯರ ಮುಖ ಗಂಟಿಕ್ಕುವುದುಂಟು. ವಸ್ತುವಿಗೆ ಅನೇಕ ಮುಖಗಳುಂಟೆಂದು ಸಾರಿದ ಪರಂಪರೆಗೆ ಪ್ರಶ್ನೆ ಅಪಚಾರವಾಗಬಾರದು. ಶಾಲೆಗಳನ್ನು ನಡೆಸುವ ಸಂಸ್ಥೆಗಳು ಶಾಲಾ ಸಂಸತ್ತಿಗೆ ತಿಂಗಳಿಗೊಂದು ಪ್ರಶ್ನೋತ್ತರ ವೇಳೆಯನ್ನೂ, ಲಿಖಿತ ಉತ್ತರವನ್ನೂ ಕೊಡಲಿ. ಟ್ರಸ್ಟುಗಳು ತಮ್ಮ ಸಭೆಯ ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಲಿ. ಹಿರಿಯರು ಉತ್ತರ ಕೊಡುವುದನ್ನು ಕಣ್ಣಾರೆ ಕಂಡ ಮಗುವೇ ನಾಳೆ ಆಳುವವರಿಂದ ಉತ್ತರ ಕೇಳೀತು.