ಕಿತ್ತಳೆ ಎಣ್ಣೆಗೂ ವಯಸ್ಸಾಗುತ್ತದೆ

ಕಿತ್ತಳೆ ಸಿಪ್ಪೆ ಮಡಿಚಿ ದೀಪದ ಕುಡಿಗೆ ಹಿಂಡಿದರೆ ಚಿಟಪಟ ಕಿಡಿ ಹಾರುತ್ತದೆ. ಮಲೆನಾಡಿನ ಮಕ್ಕಳಿಗೆ ಅದೊಂದು ಆಟ. ಹಾಗೆ ಉರಿಯುವುದು ಸಿಪ್ಪೆಯೊಳಗಿನ ಪರಿಮಳದ ಎಣ್ಣೆ; ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಲಿಮೊನೀನ್. ಸುಮಾರು 50 ಡಿಗ್ರಿ ಬಿಸಿಯಾದರೆ ಸಾಕು, ಅದರ ಆವಿಗೆ ಬೆಂಕಿ ಹತ್ತುತ್ತದೆ. ಬಟ್ಟಿ ಇಳಿಸುವವರು ಉರಿಯುವ ಒಲೆ ಬಿಟ್ಟು ವಿದ್ಯುತ್ ಹೀಟರ್ ಬಳಸಲಿ ಎನ್ನುವುದು ಇದಕ್ಕೇ.

ಬೇಲೂರು ಸೀಮೆಯ ಕಾಫಿ ತೋಟಗಳಲ್ಲಿ ಕೊಡಗಿನ ಕಿತ್ತಳೆ ಉಪಬೆಳೆ. ಗ್ರೀನಿಂಗ್ ರೋಗ, ಟ್ರಿಸ್ಟೆಜಾ ವೈರಸ್ ತಗಲಿ ಮರಗಳು ಸೊರಗಿದರೂ ಉಳಿದವುಗಳ ಸಿಪ್ಪೆಯ ಘಮಕ್ಕೆ ಸಾಟಿ ಕಾಣೆ. ಜ್ಯೂಸ್ ಅಂಗಡಿಯವರು ಮೂಸಂಬಿಯ ಹೊರಪದರವನ್ನು ಚಾಕುವಿನಲ್ಲಿ ತೆಳ್ಳಗೆ ಹೆರೆದು ಬುಟ್ಟಿಗೆ ಎಸೆಯುತ್ತಾರಲ್ಲ, ಎಣ್ಣೆ ಇರುವುದು ಆ ಪದರದಲ್ಲೇ. ಆದರೆ ಔಷಧಿ ಹೊಡೆದ ಹಣ್ಣಿನ ಸಿಪ್ಪೆ ಬೇಡ. ಕೀಟನಾಶಕಗಳಲ್ಲಿ ಹಲವು ಎಣ್ಣೆಯಲ್ಲಿ ಕರಗುವಂಥವು, ಹಿಂಡಿ ತೆಗೆದ ಎಣ್ಣೆಯಲ್ಲಿ ಅವು ಇನ್ನಷ್ಟು ಗಾಢವಾಗಿ ಸೇರಿಕೊಳ್ಳುತ್ತವೆ.

ಮೂಗಿಗೆ ಹಿತ ಹಿಂಡಿದ ಎಣ್ಣೆಯೇ. ಬಟ್ಟಿ ಇಳಿಸಿದ್ದರಲ್ಲಿ ಬೆಂದ ವಾಸನೆ ಸ್ವಲ್ಪ ಇರುತ್ತದೆ. ಆದರೂ ಮೈಗೆ ಹಚ್ಚುವುದಾದರೆ, ಅದರಲ್ಲೂ ನಿಂಬೆ ಜಾತಿಯದಾದರೆ, ನನ್ನ ಮತ ಬಟ್ಟಿ ಇಳಿಸಿದ್ದಕ್ಕೆ. ಬಿಸಿಲು ಬಿದ್ದಾಗ ಚರ್ಮವನ್ನು ಸುಡುವ ಫ್ಯುರಾನೊಕೌಮರಿನ್‌ಗಳು ಹಬೆಯ ಜೊತೆ ಏರಿ ಬರುವುದಿಲ್ಲ.

ಇಷ್ಟೆಲ್ಲ ಎಚ್ಚರದಿಂದ ತೆಗೆದ ಎಣ್ಣೆಯೂ ಬಾಟಲಿಯಲ್ಲಿ ಕೆಡುತ್ತದೆ. ಗಾಳಿ ಸೋಕಿದ ಲಿಮೊನೀನ್ ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಚರ್ಮದ ಅಲರ್ಜಿಗೆ ಅದೇ ಮೂಲ. ಲೀಟರಿಗೆ 20 ಮಿಲಿಮೋಲ್ ಪೆರಾಕ್ಸೈಡ್ ಮೀರಬಾರದು ಎಂಬುದು ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಸ್ಥೆ ಇಫ್ರಾ ಹಾಕಿದ ಮಿತಿ. ಪರೀಕ್ಷೆ ಹಳೆಯದು, ಕಾಲೇಜಿನ ಪ್ರಯೋಗಾಲಯದಲ್ಲೂ ಆಗುವಂಥದ್ದು: ಎಣ್ಣೆಗೆ ಅಸಿಟಿಕ್ ಆಮ್ಲ, ಪೊಟ್ಯಾಸಿಯಂ ಅಯೋಡೈಡ್ ಬೆರೆಸುತ್ತಾರೆ. ಪೆರಾಕ್ಸೈಡ್ ಇದ್ದಷ್ಟೂ ಅಯೋಡಿನ್ ಬಿಡುಗಡೆಯಾಗಿ, ಪಿಷ್ಟದ ಹನಿ ಬಿದ್ದೊಡನೆ ದ್ರಾವಣ ಕಡುನೀಲಿಗೆ ತಿರುಗುತ್ತದೆ. ಆ ನೀಲಿ ಅಳಿಯಲು ಎಷ್ಟು ಥಯೋಸಲ್ಫೇಟ್ ಬೇಕಾಯಿತು ಎಂಬುದೇ ಲೆಕ್ಕ. ಮೊಣಕೈಗೆ ಹಚ್ಚಿ ನೋಡಿ ಏನೂ ಆಗಲಿಲ್ಲ ಎಂದರೆ ಸಾಲದು. ಅಲರ್ಜಿ ಹತ್ತುವುದು ಮತ್ತೆ ಮತ್ತೆ ಹಚ್ಚಿದ ಮೇಲೆ.

ಪ್ಲಾಸ್ಟಿಕ್ ಬಾಟಲಿಯೂ ಸಲ್ಲದು. ಥರ್ಮಾಕೋಲಿನ ಮೇಲೆ ಒಂದು ಹನಿ ಬಿಟ್ಟರೆ ಕಣ್ಣೆದುರೇ ತೂತು ಬೀಳುತ್ತದೆ. ಕಂದು ಗಾಜಿನ ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಡಿ. ಕೊಳ್ಳುವವರು ಮೂಸಿ ನೋಡುವ ಮೊದಲು ತೆಗೆದ ತಾರೀಖು ಕೇಳಿ. ತಾರೀಖು ಹೇಳಲಾಗದವರ ಎಣ್ಣೆ ಎಷ್ಟೇ ಘಮಘಮಿಸಿದರೂ ಮೈಗೆ ಸೋಕಿಸಬೇಡಿ.