ಮುರುಗಲ ಮರಕ್ಕೆ ಹೆಸರಿಟ್ಟವರು ಯಾರು?

ಕಲಂಗುಟ್ಟಿನ ಕಡಲ ತಡಿಯಿಂದ ಊರೊಳಕ್ಕೆ ಬಂದರೆ ಮೇ ತಿಂಗಳಿನಲ್ಲಿ ಹಳೆಯ ಮನೆಗಳ ಅಂಗಳದಲ್ಲಿ ಕೆಂಪನೆಯ ಸಿಪ್ಪೆಗಳು ಒಣಗುತ್ತಿರುವುದನ್ನು ಕಾಣಬಹುದು. ಗೋವೆಯವರು ಇದನ್ನು ಭಿರಂಡ ಎನ್ನುತ್ತಾರೆ, ಒಣಗಿದ ಸಿಪ್ಪೆಯನ್ನು ಸೋಲ ಎನ್ನುತ್ತಾರೆ. ಕಾರವಾರ, ಶಿರಸಿಗಳ ಕಡೆ ಇದೇ ಮುರುಗಲು. ಮಂಗಳೂರು, ಕಾಸರಗೋಡುಗಳಲ್ಲಿ ಪುನರ್ಪುಳಿ. ವಿಜ್ಞಾನ ಪುಸ್ತಕದಲ್ಲಿ ಮಾತ್ರ ಅದು ಗಾರ್ಸಿನಿಯ ಇಂಡಿಕ. ಈ ಕೊನೆಯ ಹೆಸರಿನ ಬೆನ್ನು ಹತ್ತಿದಾಗ ಹದಿನೆಂಟನೆಯ ಶತಮಾನದ ಸಸ್ಯಸಂಗ್ರಹದ ನೌಕಾಯಾನಗಳನ್ನೂ ಅವುಗಳಿಂದ ಹುಟ್ಟಿದ ಗ್ರಂಥಗಳನ್ನೂ ಸ್ವಲ್ಪ ನಿಷ್ಠುರವಾಗಿಯೇ ವಿಮರ್ಶಿಸಬೇಕೆನ್ನಿಸಿತು.

ಮೊದಲು ಗೋವೆಗೆ ನೇರವಾಗಿ ಸೇರಿದ ಸಂಗತಿ. ಲಿಸ್ಬನ್ನಿನ ಬಳಿಯ ಅಜುಡದಲ್ಲಿ ಪೋರ್ತುಗೀಜ ದೊರೆಯ ಸಸ್ಯೋದ್ಯಾನ 1768ರಲ್ಲಿ ಸ್ಥಾಪಿತವಾಯಿತು. ಅದರ ಮುಖ್ಯಸ್ಥ ಡೊಮೆನಿಕೊ ವಾಂಡೆಲ್ಲಿ ಸ್ವೀಡನ್ನಿನ ಲಿನೇಯಸ್ಸನೊಡನೆ ಪತ್ರವ್ಯವಹಾರವಿದ್ದ ಇಟಲಿಯ ವಿದ್ವಾಂಸ. 1783ರಲ್ಲಿ ಅವನ ಶಿಷ್ಯರು ನಾಲ್ಕು ದಿಕ್ಕಿಗೆ ಹೊರಟರು: ಬ್ರೆಜಿಲಿನ ಅಮೆಜಾನಿಗೆ ಅಲೆಕ್ಸಾಂದ್ರೆ ರೊದ್ರಿಗೆಸ್ ಫೆರೇರ, ಅಂಗೋಲಕ್ಕೂ ಕೇಪ್ ವರ್ದೆಗೂ ಇಬ್ಬರು, ಗೋವೆಯ ಮಾರ್ಗವಾಗಿ ಮೊಜಾಂಬಿಕಿಗೆ ಮನುವೆಲ್ ಗಲ್ವಾಂವ್ ದ ಸಿಲ್ವ. ಈತ ಬ್ರೆಜಿಲಿನ ಬಾಹಿಯದಲ್ಲಿ ಹುಟ್ಟಿ ಕೊಯಿಂಬ್ರದಲ್ಲಿ ಓದಿದವನು. ಗೋವೆಯಲ್ಲಿ ಇದ್ದ ಅಲ್ಪಕಾಲದಲ್ಲಿಯೇ 1784ರ ತನ್ನ ಅವಲೋಕನಗಳನ್ನು ಬರೆದಿಟ್ಟನು.

ಈ ಬರಹದ ಗತಿಯೇನಾಯಿತು? ಕುಞ ರಿವಾರ ಎಂಬ ವಿದ್ವಾಂಸರು 1862ರಲ್ಲಿ ಪಣಜಿಯಲ್ಲಿ ಅದನ್ನು ಅಚ್ಚು ಮಾಡಿಸುವವರೆಗೆ ಎಪ್ಪತ್ತೆಂಟು ವರ್ಷ ಅದು ಹಸ್ತಪ್ರತಿಯಾಗಿಯೇ ಬಿದ್ದಿತ್ತು. ದೊರೆಯ ತೋಟಕ್ಕೆ ಬೀಜ, ಗಿಡ, ಒಣಗಿಸಿದ ರೆಂಬೆ ಬಂದರೆ ಸಾಕು, ಅರಿವು ಓದುಗನಿಗೆ ತಲುಪಬೇಕೆಂಬ ಆತುರ ಅಲ್ಲಿರಲಿಲ್ಲ. ಗಲ್ವಾಂವ್‌ನನ್ನು ಮಾತ್ರ ದೂರಿ ಫಲವಿಲ್ಲ; ಮೊಜಾಂಬಿಕಿನಲ್ಲಿ ಸರಕಾರದ ಕಾರ್ಯದರ್ಶಿಯ ಕೆಲಸವೂ ಅವನ ಹೆಗಲೇರಿತ್ತು. ಕಚೇರಿಯ ಕಡತವನ್ನೂ ಪಾಠವನ್ನೂ ಒಟ್ಟಿಗೆ ಹೊತ್ತ ನಮ್ಮ ಮುಖ್ಯಾಧ್ಯಾಪಕ ಬಂಧುಗಳಿಗೆ ಅವನ ಪಾಡನ್ನು ವಿವರಿಸಬೇಕಾಗಿಲ್ಲ. ಇನ್ನು ಅಜುಡದಲ್ಲಿ ಕೂಡಿಟ್ಟಿದ್ದರ ಬಹುಭಾಗವನ್ನು 1808ರಲ್ಲಿ ನೆಪೋಲಿಯನ್ನನ ಸೇನೆ ಲಿಸ್ಬನ್ನಿನಲ್ಲಿದ್ದಾಗ ಝೊಫ್ರುವಾ ಸಾಂತಿಲೇರ್ ಪ್ಯಾರಿಸಿಗೆ ಒಯ್ದನು. ರಾಜೋದ್ಯಾನಗಳ ನಡುವಣ ‘ವಿನಿಮಯ’ವೆಂದು ಚರಿತ್ರೆಕಾರರು ಮೆಲುದನಿಯಲ್ಲಿ ಹೇಳುವ ಮಾತಿನಲ್ಲಿ ಇಂಥದೂ ಸೇರಿದೆ.

ಇದರ ಪಕ್ಕದಲ್ಲಿ ಅದಕ್ಕಿಂತ ನೂರು ವರ್ಷ ಹಿಂದಿನ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥವನ್ನು ಇಟ್ಟು ನೋಡಬೇಕು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಈ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾದುವು. ವಾನ್ ರೀಡನೂ ವ್ಯಾಪಾರದ ಕಂಪೆನಿಯ ಆಳೇ. ಧರ್ಮಾತ್ಮನೆಂದು ನಾವು ಹೇಳುತ್ತಿಲ್ಲ. ಆದರೆ ಅವನ ಗ್ರಂಥದಲ್ಲಿ ವೈದ್ಯ ಇಟ್ಟಿ ಅಚ್ಯುತನ್ ಅವರ ಸಾಕ್ಷ್ಯಪತ್ರವಿದೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವೈದ್ಯರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪತ್ರವಿದೆ. ಚಿತ್ರಗಳ ಮೇಲೆ ಮಲೆಯಾಳ ಹೆಸರಿನ ಜತೆಗೆ ನಾಗರಿಯ ಹೆಸರನ್ನೂ ಕೆತ್ತಿಸಲಾಗಿದೆ. ಹೇಳಿಕೊಟ್ಟವರು ಇಂಥವರು ಎಂದು ಓದುಗನಿಗೆ ತಿಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಚಿತ್ರಗಳ ಅಂದಕ್ಕಿಂತಲೂ ಈ ಗ್ರಂಥದ ಹಿರಿಮೆ ಇಲ್ಲಿಯೇ ಇದೆ.

ಹದಿನೆಂಟನೆಯ ಶತಮಾನ ಈ ಗ್ರಂಥವನ್ನು ಬಳಸಿಕೊಂಡ ಬಗೆಯನ್ನು ನೋಡಿರಿ. ಲಿನೇಯಸ್ಸನು ಅದನ್ನು ಬಹಳವಾಗಿ ಗೌರವಿಸಿದನು, ಮತ್ತೆ ಮತ್ತೆ ಉದ್ಧರಿಸಿದನು. ಆದರೂ ಅದರಲ್ಲಿ ಕೊಡಂಪುಳಿ ಎಂದು ಸ್ಪಷ್ಟವಾಗಿ ಬರೆದಿರುವ, ನಮ್ಮ ಮಲೆನಾಡಿನವರು ಉಪ್ಪಾಗೆ ಎನ್ನುವ ಮರವನ್ನು ಪೂರ್ವದೇಶದ ಹಳದಿ ಬಣ್ಣದ ಅಂಟನ್ನು ಕೊಡುವ ಮರವೆಂದು ಗ್ರಹಿಸಿ, ಕಾಂಬೋಡಿಯದ ನೆನಪಿನ ‘ಕಾಂಬೋಜಿಯ’ ಎಂಬ ಹೆಸರನ್ನಿಟ್ಟನು. ಮುಂದೆ ಅದು ಗಾರ್ಸಿನಿಯದೊಳಗೆ ಸೇರಿತು; ಆದರೆ ತಪ್ಪು ಅಂಟಿಕೊಂಡೇ ಉಳಿಯಿತು. ಇಂದು ಮೈ ಇಳಿಸುವ ಗುಳಿಗೆಯ ಡಬ್ಬಿಯ ಮೇಲೂ ಕಾಂಬೋಜಿಯವೇ ಇದೆ. ಸಹ್ಯಾದ್ರಿಯ ಹುಳಿಮರ ಕಾಣದ ದೇಶದ ಹೆಸರನ್ನು ಹೊತ್ತು ಅಂಗಡಿಗೆ ಬಂದಿದೆ!

ಮುರುಗಲಿನ ಕಥೆ ಇಷ್ಟು ಕಹಿಯಲ್ಲ. ಗಾರ್ಸಿಯ ದ ಓರ್ತ ಎಂಬ ವೈದ್ಯನು 1563ರಲ್ಲಿ ಗೋವೆಯಲ್ಲಿಯೇ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ ‘ಬ್ರಿಂದೊಯಿಂಸ್’ ಎಂದು ಈ ಹುಳಿಹಣ್ಣನ್ನು ಹೆಸರಿಸಿದ್ದಾನೆ. ಅದು ಭಿರಂಡದ ಪೋರ್ತುಗೀಜ ಉಚ್ಚಾರವಲ್ಲದೆ ಬೇರೆಯಲ್ಲವೆಂದು ಹೇಳಲು ಭಾಷಾಶಾಸ್ತ್ರಜ್ಞನೇ ಆಗಬೇಕಿಲ್ಲ. ಮಾರಿಷಸ್ಸಿನಲ್ಲಿ ಪಿಯರ್ ಪುವಾವ್ರನು ಬೆಳೆಸಿದ ಪಾಂಪ್ಲಮೂಸ್ ತೋಟದಿಂದ ಲವಂಗ, ಜಾಯಿಕಾಯಿಗಳು ಬೇರೆ ಬೇರೆ ದ್ವೀಪಗಳಿಗೆ ಹೋಗಿ ನೆಲಸಿದ ಕಾಲ ಅದು. ಆ ದ್ವೀಪದಲ್ಲಿ ಕೆಲಸ ಮಾಡಿದ ಫ್ರೆಂಚ್ ಪಂಡಿತ ದ್ಯು ಪೆತಿ ತುವಾರ್ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಮುರುಗಲಿಗೆ ‘ಬ್ರಿಂದೋನಿಯ ಇಂಡಿಕ’ ಎಂದು ಹೆಸರಿಟ್ಟನು. ಬಾರ್ದೇಶದ ಹೆಂಗಸರ ಬಾಯಲ್ಲಿದ್ದ ಮಾತು ಲ್ಯಾಟಿನ್ನಿನ ಪೀಠವನ್ನೇರಿತು! ಆದರೆ ಅದು ಅಲ್ಪಾಯುಷಿ. ಇದೂ ಗಾರ್ಸಿನಿಯ ಕುಲದ್ದೇ ಎಂದು ಗೊತ್ತಾದ ಮೇಲೆ, ಹಳೆಯ ಹೆಸರಿಗೇ ಅಗ್ರಸ್ಥಾನವೆಂಬ ನಿಯಮದಂತೆ ಬ್ರಿಂದೋನಿಯ ಮರೆಯಾಯಿತು. ನಿಯಮ ನ್ಯಾಯವಾದದ್ದೇ, ಹೆಸರುಗಳ ಗೊಂದಲ ತಪ್ಪಬೇಕಲ್ಲ. ನಮ್ಮ ಆಕ್ಷೇಪ ನಿಯಮದ ಮೇಲಲ್ಲ, ಆ ಹೆಸರಿನ ಹಿಂದಿದ್ದ ಮಾತನ್ನು ನಾವೂ ಮರೆತುದರ ಮೇಲೆ.

ನಾವೂ ಎಂದದ್ದು ವಿನಯಕ್ಕಾಗಿ ಅಲ್ಲ. ಹಲವು ವರ್ಷ ನಾವು ಹತ್ತನೆಯ ತರಗತಿಯಲ್ಲಿ, ಗಾರ್ಸಿನಿಯ ಎಂಬುದು ಗೋವೆಯ ಗಾರ್ಸಿಯ ದ ಓರ್ತನ ಸ್ಮರಣೆ ಎಂದು ಅಭಿಮಾನದಿಂದ ಪಾಠ ಹೇಳಿದೆವು. ಕೇಳಲು ಚೆನ್ನಾಗಿತ್ತು, ನಿಜವಾಗಿರಲಿಲ್ಲ. ಲಿನೇಯಸ್ಸನು ಗೌರವಿಸಿದ್ದು ಡಚ್ ಕಂಪೆನಿಯ ವೈದ್ಯನಾಗಿ ಪೂರ್ವದೇಶಗಳಲ್ಲಿ ತಿರುಗಿ ಮ್ಯಾಂಗೊಸ್ಟೀನ್ ಹಣ್ಣನ್ನು ವಿವರಿಸಿದ ಲೋರಾಂ ಗಾರ್ಸೆಂ ಎಂಬವನನ್ನು.

ಈ ತಪ್ಪು ಬೆಳಕಿಗೆ ಬಂದದ್ದು ಒಂದು ಚಿಕ್ಕ ಪ್ರಸಂಗದಿಂದ. ವಿಜಯಪುರದ ಕಡೆಯಿಂದ ಕೂಲಿಗೆಂದು ಕಲಂಗುಟ್ಟಿಗೆ ಬಂದು ನೆಲಸಿದ ಮನೆಯ ಹುಡುಗನೊಬ್ಬ, “ಸರ್, ಈ ಹಣ್ಣು ನಮ್ಮೂರಾಗ ಇಲ್ಲ. ಇಲ್ಲಿ ಅಜ್ಜಿ ಭಿರಂಡ ಅಂತಾಳ, ನೀವು ಮುರುಗಲ ಅಂತೀರಿ, ಪುಸ್ತಕದಾಗ ಮತ್ತೊಂದೈತಿ. ಮೊದಲ ಹೆಸರಿಟ್ಟಾವ್ರು ಯಾರ್ರೀ?” ಎಂದು ಕೇಳಿದನು. ಸಿದ್ಧವಾಗಿದ್ದ ಉತ್ತರವನ್ನೇ ಕೊಟ್ಟೆವು. ಸಂಜೆ ಮನೆಗೆ ಬಂದು ಪುಸ್ತಕ ತೆರೆದಾಗ ಉತ್ತರ ತಪ್ಪೆಂದು ತಿಳಿಯಿತು.

ಮರುದಿನ ಶಾಲೆಯ ಒಣಸಸ್ಯ ಸಂಗ್ರಹದ ಹಾಳೆಯನ್ನು ತೆಗೆಸಿ, ಗಾರ್ಸಿಯ ಎಂದಿದ್ದುದನ್ನು ಹೊಡೆದು ಗಾರ್ಸೆಂ ಎಂದು ಬರೆದೆವು. ಅದರ ಕೆಳಗೆ ಆ ಹುಡುಗನ ಕೈಯಿಂದಲೇ ಭಿರಂಡ, ಮುರುಗಲು, ಪುನರ್ಪುಳಿ ಎಂದು ಬರೆಯಿಸಿ, ಯಾವ ಹೆಸರು ಯಾರ ಬಾಯಿಂದ ತಿಳಿದದ್ದೆಂಬುದನ್ನೂ ಸೇರಿಸಿದೆವು.