ಪರಾಗದ ಪೊಟ್ಟಣ

ಹೆಚ್ಚಿನ ಆರ್ಕಿಡ್‌ಗಳ ಪರಾಗ ಗಾಳಿಗೆ ಹಾರುವ ಪುಡಿಯಲ್ಲ, ಮೇಣದಂಥ ಹಳದಿ ಮುದ್ದೆ. ಡೆಂಡ್ರೋಬಿಯಂ ಹೂವಿನಲ್ಲಿ ನಾಲ್ಕು, ನಮ್ಮ ಸೀತಾಳೆ ದಂಡೆಯಲ್ಲಿ ಎರಡು. ಮೇಲಿನ ಪುಟ್ಟ ಟೊಪ್ಪಿಗೆಯನ್ನು ಹಲ್ಲುಕಡ್ಡಿಯಿಂದ ಸರಿಸಿ ಮುದ್ದೆಯನ್ನೆತ್ತುವ ನುರಿತ ಕೈಯನ್ನು ನೋಡುತ್ತಲೇ ಇರಬೇಕೆನಿಸುತ್ತದೆ.

ವೆನಿಲ್ಲಾವೂ ಆರ್ಕಿಡ್ಡೇ, ಮಲೆನಾಡಿನ ವೆನಿಲ್ಲಾ ಬೆಳೆಗಾರರಿಗೂ ಈ ಕಡ್ಡಿಯ ಕೆಲಸ ಗೊತ್ತು. 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ತೋರಿಸಿಕೊಟ್ಟದ್ದು ಅದು. ಆದರೆ ಬೆಳಗ್ಗೆ ಅರಳಿದ ವೆನಿಲ್ಲಾ ಮಧ್ಯಾಹ್ನಕ್ಕೆ ಬಾಡುತ್ತದೆ, ಅಲ್ಲೆಲ್ಲ ಅವಸರ. ಮನೆಯಲ್ಲೇ ಆರ್ಕಿಡ್‌ಗಳ ಹೊಸ ತಳಿ ಕೂಡಿಸುವವರದು ಕಾಯುವ ವಿದ್ಯೆ. ಮುಂಗಾರಿನ ಹೊತ್ತಿಗೆ ಅರಳುವ ಸೀತಾಳೆ ದಂಡೆಯನ್ನು ತಿಂಗಳುಗಳಾಚೆ ಅರಳುವ ವಾಂಡಾಕ್ಕೆ ಕೂಡಿಸಬೇಕಾದರೆ ಪರಾಗ ಅಷ್ಟು ಕಾಲ ಬದುಕಿರಬೇಕಲ್ಲ!

ಕೃಷ್ಣಾ ತೀರದ ಊರು ಯಡೂರಿನ ಬೇಸಿಗೆಯ ಒಣಗಾಳಿ ಇದಕ್ಕೆ ಅನುಕೂಲವೇ. ಕೃಷ್ಣೆ ತುಂಬುವ ಮಳೆಗಾಲದ ತೇವವೇ ಶತ್ರು, ಬೂಸ್ಟು ಹಿಡಿಸುತ್ತದೆ. ಮುದ್ದೆಯನ್ನು ಕಾಗದದಲ್ಲಿ ಮಡಿಚಿ, ಹೆಸರು, ತಾರೀಖು ಬರೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ, ಫ್ರಿಜ್ಜಿನ 4 ಡಿಗ್ರಿ ತಂಪಿನಲ್ಲಿ ಇಡಬೇಕು. ನನಗೆ ತೀರ ಹಿಡಿಸಿದ್ದು ಹೊರತೆಗೆಯುವಾಗಿನ ಸಂಯಮ: ಡಬ್ಬಿ ಕೋಣೆಯ ಬಿಸುಪಿಗೆ ಬರುವತನಕ ಮುಚ್ಚಳ ತೆರೆಯುವಂತಿಲ್ಲ, ತೆರೆದರೆ ತಣ್ಣನೆಯ ಪರಾಗದ ಮೇಲೆ ಹನಿಗಟ್ಟುತ್ತದೆ. ಆಮೇಲೆ ಹೂವಿನಲ್ಲಿ ಪರಾಗ ಸ್ವೀಕರಿಸುವ ಶಲಾಕಾಗ್ರದ ಅಂಟಿಗೆ ಮೆಲ್ಲಗೆ ಒತ್ತಿದರೆ ಸಾಕು, ಮುದ್ದೆ ಕಚ್ಚಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಹೂವು ಬಾಡಿದರೆ, ಅದೇ ಮೊದಲ ಶುಭ ಸೂಚನೆ.